ಪದಸ್ಪರ್ಧೆ ಮತ್ತು ನಿಘಂಟು: ಗಡಿನಾಡ ತರಗತಿಗೆ ಒಂದು ಪಾಠಕ್ರಮ

ತರಗತಿ: 7ರಿಂದ 9
ಅವಧಿ: ನಾಲ್ಕು ಪಿರಿಯಡುಗಳು
ಸಾಮಗ್ರಿ: ಶಾಲೆಯಲ್ಲಿ ಲಭ್ಯವಿರುವ ಯಾವುದಾದರೂ ಕನ್ನಡ ನಿಘಂಟಿನ ಎರಡು ಅಥವಾ ಮೂರು ಪ್ರತಿಗಳು, ಅಂಗೈ ಅಗಲದ ಬಿಳಿ ಚೀಟಿಗಳು, ಒಂದು ದಪ್ಪ ನೋಟುಪುಸ್ತಕ

ಕಲಿಕೆಯ ಉದ್ದೇಶಗಳು

1. ಪದದ ಅರ್ಥವನ್ನು ವಾಕ್ಯದ ಸಂದರ್ಭದಿಂದ ನಿರ್ಣಯಿಸುವ ಸಾಮರ್ಥ್ಯವನ್ನು ವಿದ್ಯಾರ್ಥಿಯು ಗಳಿಸುವನು.
2. ರೂಪ ಬದಲಿಸಿದ ಕ್ರಿಯಾಪದವನ್ನೂ ಸಮಾಸಪದವನ್ನೂ ನಿಘಂಟಿನಲ್ಲಿ ಹುಡುಕಿ ತೆಗೆಯುವನು.
3. ತುಳು, ಮಲಯಾಳ ಮೊದಲಾದ ನೆರೆಭಾಷೆಗಳ ಪದಗಳನ್ನು ಕನ್ನಡದ ಪದಗಳೊಡನೆ ಹೋಲಿಸಿ, ಹೋಲಿಕೆಯನ್ನೂ ಅರ್ಥಭೇದವನ್ನೂ ಗುರುತಿಸುವನು.
4. ತನ್ನ ಮನೆಯ, ಊರಿನ ಒಂದು ಪದಕ್ಕೆ ನಿಘಂಟಿನ ಮಾದರಿಯಲ್ಲಿ ಅರ್ಥವಿವರಣೆ ಬರೆಯುವನು.

ನಿಘಂಟಿನವರು ನಡೆಸಿದ ಪದಪರೀಕ್ಷೆ

ನಿಘಂಟನ್ನು ಪ್ರಕಟಿಸುವವರೇ ಓದುಗರ ಪದಜ್ಞಾನವನ್ನು ಪರೀಕ್ಷಿಸುವ ರೂಢಿಯು ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಅಲ್ಲಿನ ಹೆಸರಾಂತ ನಿಘಂಟು ಪ್ರಕಾಶನಗಳಲ್ಲಿ ಒಂದಾದ ಫಂಕ್ ಅಂಡ್ ವ್ಯಾಗ್ನಲ್ಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ವಿಲ್ಫ್ರೆಡ್ ಫಂಕ್ ಅವರು 1945ರಲ್ಲಿ ರೀಡರ್ಸ್ ಡೈಜೆಸ್ಟ್ ಪತ್ರಿಕೆಯಲ್ಲಿ ಪದಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಅಂಕಣವೊಂದನ್ನು ಆರಂಭಿಸಿದರು. ಒಂದು ಪದ, ಅದರ ಮುಂದೆ ಕೆಲವು ಅರ್ಥಗಳು. ಓದುಗನು ಸರಿಯೆನಿಸಿದ ಅರ್ಥಕ್ಕೆ ಗುರುತು ಹಾಕಿ, ಪುಟ ತಿರುವಿ ಉತ್ತರ ನೋಡಿ, ತನಗೆ ತಾನೇ ಅಂಕ ಕೊಟ್ಟುಕೊಳ್ಳಬೇಕು. ಬಹುಮಾನವಿಲ್ಲ, ವೇದಿಕೆಯಿಲ್ಲ. ಆದರೂ ಅಂಗಡಿಯವರು, ಗುಮಾಸ್ತರು, ಗೃಹಿಣಿಯರು, ವಿದ್ಯಾರ್ಥಿಗಳು ತಿಂಗಳು ತಿಂಗಳೂ ಅದನ್ನು ಕಾದು ಓದಿದರು. ಫಂಕ್ ಅವರ ಕಾಲಾನಂತರ ಅವರ ಮಗನು ಆ ಅಂಕಣವನ್ನು ಮುಂದುವರಿಸಿದನು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಆ ಅಂಕಣದ ಉತ್ತರಪುಟದಲ್ಲಿ ಇದ್ದುದು ಬರಿಯ ‘ಅ’, ‘ಆ’ ಎಂಬ ಸಂಕೇತವಲ್ಲ. ಪದದ ಅರ್ಥವೂ ಅದನ್ನು ಬಳಸುವ ಬಗೆಯೂ ಅಲ್ಲಿರುತ್ತಿದ್ದವು. ತಪ್ಪು ಗುರುತು ಹಾಕಿದವನು ಸೋತು ಹೋಗುತ್ತಿರಲಿಲ್ಲ, ಒಂದು ಪದವನ್ನು ಗಳಿಸಿ ಹೋಗುತ್ತಿದ್ದನು. ಪದಸ್ಪರ್ಧೆಯಿಂದ ತರಗತಿಯು ಪಡೆಯಬೇಕಾದ ಮೊದಲ ಪಾಠ ಇದೇ: ಸ್ಪರ್ಧೆಯು ತಿಳಿದವನನ್ನು ಆರಿಸುವ ಜರಡಿಯಾದರೆ ಸಾಲದು, ತಿಳಿಯದವನನ್ನು ನಿಘಂಟಿನ ಬಳಿಗೆ ಕರೆದೊಯ್ಯುವ ದಾರಿಯಾಗಬೇಕು.

ಕಾಗುಣಿತದಿಂದ ಅರ್ಥದ ಕಡೆಗೆ

ಅಮೆರಿಕದಲ್ಲಿ ಇನ್ನೂ ಹೆಚ್ಚು ಪ್ರಸಿದ್ಧವಾದುದು ಮಕ್ಕಳಿಗಾಗಿ ನಡೆಯುವ ರಾಷ್ಟ್ರೀಯ ಕಾಗುಣಿತ ಸ್ಪರ್ಧೆ. ಪತ್ರಿಕೆಗಳು ಕೂಡಿ 1925ರಲ್ಲಿ ಅದನ್ನು ಆರಂಭಿಸಿದಾಗ ಅಂತಿಮ ಸುತ್ತಿನಲ್ಲಿ ಇದ್ದವರು ಒಂಬತ್ತು ಮಕ್ಕಳು. ಆ ವರ್ಷ ಗೆದ್ದ ಬಾಲಕನು ಕೊನೆಯಲ್ಲಿ ಹೇಳಿದ ಪದ ‘ಗ್ಲಾಡಿಯೋಲಸ್’ ಎಂಬ ಹೂವಿನ ಹೆಸರು. ಇಂದು ಆ ಸ್ಪರ್ಧೆಯನ್ನು ಸ್ಕ್ರಿಪ್ಸ್ ಸಂಸ್ಥೆಯು ನಡೆಸುತ್ತಿದೆ. ಪದಗಳ ವಿಷಯದಲ್ಲಿ ವಿವಾದ ಬಂದರೆ ಮೆರಿಯಂ–ವೆಬ್‌ಸ್ಟರ್ ಪ್ರಕಾಶನದ ಬೃಹತ್ ನಿಘಂಟೇ ಪ್ರಮಾಣ. ಭಾರತೀಯ ಮೂಲದ ಮಗುವೊಂದು ಅದರಲ್ಲಿ ಮೊದಲ ಬಾರಿಗೆ ಗೆದ್ದುದು 1985ರಲ್ಲಿ. ಆ ಬಳಿಕ ಭಾರತೀಯ ಕುಟುಂಬಗಳ ಮಕ್ಕಳು ಅಲ್ಲಿ ಮತ್ತೆ ಮತ್ತೆ ಗೆದ್ದಿದ್ದಾರೆ.

ಕಾಗುಣಿತವನ್ನು ಮಾತ್ರ ನೆಚ್ಚಿದರೆ ಏನಾಗುತ್ತದೆ ಎಂಬುದನ್ನು ಆ ಸ್ಪರ್ಧೆಯ ಇತಿಹಾಸವೇ ಹೇಳುತ್ತದೆ. 2019ರಲ್ಲಿ ಎಂಟು ಮಕ್ಕಳು ಸುತ್ತಿನ ಮೇಲೆ ಸುತ್ತು ತಪ್ಪಿಲ್ಲದೆ ಹೇಳಿದರು. ಅವರನ್ನು ಸೋಲಿಸುವಷ್ಟು ಕಠಿಣ ಪದಗಳು ಪಟ್ಟಿಯಲ್ಲಿ ಉಳಿಯಲಿಲ್ಲ. ಎಂಟು ಮಂದಿಯನ್ನೂ ವಿಜೇತರೆಂದು ಸಾರಲಾಯಿತು. ಅದಕ್ಕೆ ಮೊದಲೇ, 2013ರಲ್ಲಿ, ಅರ್ಥವನ್ನು ಕೇಳುವ ಪ್ರಶ್ನೆಗಳನ್ನು ಲಿಖಿತ ಪರೀಕ್ಷೆಗೆ ಸೇರಿಸಲಾಗಿತ್ತು. 2021ರಿಂದ ವೇದಿಕೆಯ ಮೇಲೆಯೇ ಅರ್ಥ ಕೇಳುವ ಸುತ್ತು ಬಂದಿತು. ಅಕ್ಷರಗಳನ್ನು ಕಂಠಪಾಠ ಮಾಡಿದವನೂ ಪದವನ್ನು ತಿಳಿದವನೂ ಒಬ್ಬನೇ ಆಗಿರಬೇಕಿಲ್ಲ ಎಂಬ ಅರಿವು ಈ ಬದಲಾವಣೆಯ ಹಿಂದಿದೆ.

2021ರಲ್ಲಿ ಗೆದ್ದ ಬಾಲಕಿಯ ಕೊನೆಯ ಪದ ‘ಮುರ್ರಾಯ’. ಅದರಲ್ಲಿ ಮರ್ರೇ ಎಂಬ ವ್ಯಕ್ತಿಯ ಹೆಸರು ಅಡಗಿದೆಯೇ ಎಂದು ಅವಳು ವೇದಿಕೆಯ ಮೇಲೆ ವಿಚಾರಿಸಿಕೊಂಡು, ಆಮೇಲೆ ಅಕ್ಷರ ಹೇಳಿದಳು. ಅದು ಒಂದು ಸಸ್ಯಕುಲದ ಶಾಸ್ತ್ರೀಯ ಹೆಸರು. ಮರ್ರೇ ಎಂಬ ಸಸ್ಯಶಾಸ್ತ್ರಜ್ಞನ ನೆನಪಿಗೆ ಇಟ್ಟುದು. ಕನ್ನಡಿಗರು ಕರಿಬೇವು ಎಂದೂ ಮಲಯಾಳಿಗಳು ಕರಿವೇಪ್ಪಿಲ ಎಂದೂ ಕರೆಯುವ, ಕಾಸರಗೋಡಿನ ಮನೆಯ ಹಿತ್ತಿಲುಗಳಲ್ಲಿ ಬೆಳೆಯುವ ಗಿಡವನ್ನು ಆ ಕುಲಕ್ಕೆ ಸೇರಿಸುವುದು ರೂಢಿಯಲ್ಲಿದೆ. ಪದದ ಅಕ್ಷರಗಳು ಒಬ್ಬರ ಬಳಿ, ಪದ ಸೂಚಿಸುವ ವಸ್ತು ಇನ್ನೊಬ್ಬರ ಬಳಿ. ಇವೆರಡನ್ನೂ ಒಂದೇ ಮಗುವಿನಲ್ಲಿ ಕೂಡಿಸುವುದು ಭಾಷಾಪಾಠದ ಕೆಲಸ.

ಈ ಸ್ಪರ್ಧೆಯಿಂದ ಸ್ವೀಕರಿಸಬೇಕಾದುದು ಒಂದು, ಬಿಡಬೇಕಾದುದು ಒಂದು.

ಸ್ವೀಕರಿಸಬೇಕಾದುದು ಕೇಳುವ ಹಕ್ಕು. ಅಲ್ಲಿ ಸ್ಪರ್ಧಿಯು ಉತ್ತರಿಸುವ ಮೊದಲು ಪದದ ಅರ್ಥವೇನು, ಅದು ಯಾವ ಭಾಷೆಯಿಂದ ಬಂದಿದೆ, ನಾಮಪದವೋ ಕ್ರಿಯಾಪದವೋ, ವಾಕ್ಯದಲ್ಲಿ ಹೇಗೆ ಬರುತ್ತದೆ ಎಂದು ಕೇಳಬಹುದು. ಕೇಳಿದ್ದಕ್ಕಾಗಿ ಅಂಕ ಕಡಿಮೆಯಾಗುವುದಿಲ್ಲ. ನಮ್ಮ ತರಗತಿಗಳಲ್ಲಿ ಪ್ರಶ್ನೆ ಕೇಳುವವರು ಅಧ್ಯಾಪಕರು, ಉತ್ತರ ಕೊಡುವವರು ಮಕ್ಕಳು ಎಂಬ ರೂಢಿ ಗಟ್ಟಿಯಾಗಿದೆ. ತಿಳಿಯದ ಪದದ ಮುಂದೆ ನಿಂತ ಮಗುವಿಗೆ ಏನನ್ನು ಕೇಳಬೇಕೆಂಬುದನ್ನು ಕಲಿಸಿದರೆ, ಅದು ಮುಂದೆ ಪುಸ್ತಕವನ್ನು ಒಂಟಿಯಾಗಿ ಓದುವಾಗಲೂ ಅದೇ ಪ್ರಶ್ನೆಗಳನ್ನು ತನಗೆ ಕೇಳಿಕೊಳ್ಳುತ್ತದೆ.

ಬಿಡಬೇಕಾದುದು ಹೊರಹಾಕುವ ಕ್ರಮ. ಅಲ್ಲಿ ಅಕ್ಷರ ತಪ್ಪಿದವನು ಸ್ಪರ್ಧೆಯಿಂದ ಹೊರಗೆ. ರಾಷ್ಟ್ರಮಟ್ಟದ ಸ್ಪರ್ಧೆಗೆ ಅದು ಅನಿವಾರ್ಯವಿರಬಹುದು. ತರಗತಿಯಲ್ಲಿ ಹಾಗೆ ಮಾಡಿದರೆ, ಅಭ್ಯಾಸದ ಅಗತ್ಯ ಯಾರಿಗೆ ಅತ್ಯಧಿಕವೋ ಆ ಮಗುವೇ ಮೊದಲು ಹೊರಗೆ ಹೋಗಿ, ಉಳಿದ ಹೊತ್ತೆಲ್ಲ ಪ್ರೇಕ್ಷಕನಾಗಿ ಕುಳಿತಿರುತ್ತದೆ.

ಕನ್ನಡದ ಸನ್ನಿವೇಶ

ಇಂಗ್ಲಿಷಿನಲ್ಲಿ ಉಚ್ಚಾರಕ್ಕೂ ಬರಹಕ್ಕೂ ಅಂತರ ಬಹಳವಾದುದರಿಂದ ಅಕ್ಷರ ಹೇಳುವುದೇ ಒಂದು ಸ್ಪರ್ಧೆಯಾಯಿತು. ಕನ್ನಡದಲ್ಲಿ ನುಡಿದಂತೆ ಬರೆಯುವುದೇ ನಿಯಮ. ಅಲ್ಪಪ್ರಾಣ–ಮಹಾಪ್ರಾಣ, ಶ–ಷ–ಸ, ಅ–ಹ ಮೊದಲಾದ ಕೆಲವೆಡೆಗಳಲ್ಲಿ ಮಾತ್ರ ಮಕ್ಕಳು ಎಡವುತ್ತಾರೆ. ಆದುದರಿಂದ ಕನ್ನಡದ ಪದಸ್ಪರ್ಧೆಯ ಭಾರವೆಲ್ಲ ಅರ್ಥದ ಮೇಲೆ, ಬಳಕೆಯ ಮೇಲೆ ಬೀಳಬೇಕು.

ಪದಗಳ ಮೇಲಿನ ಪ್ರೀತಿ ಕನ್ನಡಕ್ಕೆ ಹೊಸದಲ್ಲ. ಪದ್ಯರೂಪದ ನಿಘಂಟುಗಳನ್ನು ಬರೆದು ಬಾಯಿಪಾಠ ಮಾಡಿಸಿದ ಪರಂಪರೆ ನಮ್ಮದು. ಆಧುನಿಕ ಕಾಲದಲ್ಲಿ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು ಹಲವು ದಶಕಗಳ ದುಡಿಮೆಯ ಫಲ. ಆ ಕಾರ್ಯದಲ್ಲಿ ಸಂಪಾದಕರಾಗಿ ದುಡಿದ ಜಿ. ವೆಂಕಟಸುಬ್ಬಯ್ಯನವರು (1913–2021) ಪ್ರಜಾವಾಣಿ ಪತ್ರಿಕೆಯಲ್ಲಿ 1991ರಿಂದ ‘ಇಗೋ ಕನ್ನಡ’ ಎಂಬ ಅಂಕಣವನ್ನು ನಡೆಸಿದರು. ಅಲ್ಲಿ ಪದದ ಅರ್ಥವನ್ನು, ಮೂಲವನ್ನು, ಸಾಧುತ್ವವನ್ನು ಕುರಿತು ಪ್ರಶ್ನೆ ಕೇಳುತ್ತಿದ್ದವರು ಓದುಗರು, ಉತ್ತರಿಸುತ್ತಿದ್ದವರು ನಿಘಂಟುಕಾರರು. ಫಂಕ್ ಅವರ ಅಂಕಣಕ್ಕೆ ಇದು ತಿರುವುಮುರುವಾದ ಕ್ರಮ. ತರಗತಿಯ ಸ್ಪರ್ಧೆಗೆ ಇವೆರಡೂ ಬೇಕು.

ಕಿಟ್ಟೆಲ್ ನಿಘಂಟಿನ ಒಂದು ಗುಣವನ್ನು ಗಡಿನಾಡಿನ ಅಧ್ಯಾಪಕರು ವಿಶೇಷವಾಗಿ ನೆನೆಯಬೇಕು. ಅಚ್ಚಕನ್ನಡ ಪದಗಳ ಬಳಿಯಲ್ಲಿ ಅದು ತುಳು, ಮಲಯಾಳ, ತಮಿಳು, ತೆಲುಗುಗಳ ಸಂಬಂಧಿ ಪದಗಳನ್ನು ಸಂಕೇತಾಕ್ಷರಗಳ ಸಹಿತ ಕೊಡುತ್ತದೆ. ನೆರೆಯ ಮಾತನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕನ್ನಡದ ಅರ್ಥ ಹೇಳುವ ಪದ್ಧತಿಗೆ ನೂರು ವರ್ಷ ಮೀರಿದ ಆಧಾರ ಹೀಗೆ ನಮ್ಮಲ್ಲೇ ಇದೆ.

ಗಡಿನಾಡ ಮಗುವಿನ ಪದಸಂಪತ್ತು

ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯೊಂದರಲ್ಲಿ ಮನೆಯಲ್ಲಿ ತುಳು ಆಡುವ ಮಗು, ಮಲಯಾಳ ಆಡುವ ಮಗು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದು ಸಾಮಾನ್ಯ. ಪಾಠಪುಸ್ತಕದ ಕನ್ನಡ ಅವರಲ್ಲಿ ಬಹುಮಂದಿಗೆ ಮನೆಯ ಮಾತಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸಿದ್ಧವಾದ ಪ್ರಶ್ನಾವಳಿಯನ್ನು ಹಾಗೆಯೇ ತಂದು ಸ್ಪರ್ಧೆ ನಡೆಸಿದರೆ, ಅದು ಮಗುವಿನ ಬುದ್ಧಿಯನ್ನು ಅಳೆಯುವುದಿಲ್ಲ, ಮನೆಯನ್ನು ಅಳೆಯುತ್ತದೆ.

ಸಾಮಾನ್ಯವಾಗಿ ಸಂಭವಿಸುವ ಸನ್ನಿವೇಶವೊಂದನ್ನು ಪರಿಶೀಲಿಸಬಹುದು. ‘ಸುರಂಗ ಎಂದರೇನು?’ ಎಂದು ಅಧ್ಯಾಪಕರು ಕೇಳುತ್ತಾರೆ. ‘ನೀರು ಸಿಗುವ ಜಾಗ’ ಎಂದು ಒಂದು ಮಗು ಹೇಳುತ್ತದೆ. ರೈಲು ಹೋಗುವ ಸುರಂಗವನ್ನು ಚಿತ್ರದಲ್ಲಿ ಕಂಡಿದ್ದ ಇತರರು ನಗುತ್ತಾರೆ. ಮಗು ಹೇಳಿದುದು ಸುಳ್ಳಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಸರುವ ನೀರನ್ನು ಮನೆಗೂ ತೋಟಕ್ಕೂ ಹರಿಸಿಕೊಳ್ಳುವ ಸುರಂಗಗಳು ಕಾಸರಗೋಡಿನ ಜೀವನಾಧಾರ. ಅಂದು ಆ ನಗುವನ್ನು ಅಧ್ಯಾಪಕರು ತಡೆಯದಿದ್ದರೆ ಆ ಮಗು ಮತ್ತೊಮ್ಮೆ ಕೈ ಎತ್ತುವುದು ಕಷ್ಟ. ತನ್ನ ಅಜ್ಜ ತೋಡಿದ ಸುರಂಗವು ಶಾಲೆಯ ಕನ್ನಡದಲ್ಲಿ ಸೇರದು ಎಂಬ ತೀರ್ಮಾನಕ್ಕೆ ಅದು ಬರುತ್ತದೆ. ಹೀಗೆ ಒಂದೊಂದೇ ಪದವನ್ನು ಹೊರಗೆ ಬಿಟ್ಟು ಬಂದ ಮಗುವಿಗೆ ಕನ್ನಡವು ಪರೀಕ್ಷೆಗಾಗಿ ಓದುವ ಭಾಷೆಯಾಗಿ ಉಳಿಯುತ್ತದೆ, ಬಾಳಿನ ಭಾಷೆಯಾಗುವುದಿಲ್ಲ. ಗಡಿನಾಡಿನ ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಇದೇ ಮಕ್ಕಳ ಬಳಿ ಇತರರಿಗಿಲ್ಲದ ಸಂಪತ್ತೂ ಇದೆ. ಹಳಗನ್ನಡದ ಪಾಲ್, ಪೂ, ಪುಲಿ, ಪತ್ತು ಎಂಬ ಪದಗಳು ಒಳನಾಡಿನ ವಿದ್ಯಾರ್ಥಿಗೆ ಅಪರಿಚಿತ. ಮಲಯಾಳ ಬಲ್ಲ ಮಗು ಪಾಲ್ ಎಂಬುದನ್ನು ಕೇಳಿದೊಡನೆ ಹಾಲು ಎನ್ನುತ್ತದೆ. ತುಳು ಬಲ್ಲ ಮಗು ಪತ್ತ್ ಎಂದು ಎಣಿಸುತ್ತದೆ, ಹುಲಿಯನ್ನು ಪಿಲಿ ಎನ್ನುತ್ತದೆ. ಹೊಸಗನ್ನಡದಲ್ಲಿ ಮರೆಯಾದ ೞಕಾರವು ಮಲಯಾಳದಲ್ಲಿ ಇಂದಿಗೂ ಜೀವಂತವಾಗಿದೆ: ಹಳಗನ್ನಡದ ಮೞೆ, ಬಾೞೆ, ಏೞ್ ಎಂಬವುಗಳ ಸರಿಯಾದ ಉಚ್ಚಾರವನ್ನು ಪಂಡಿತರಿಗಿಂತ ಚೆನ್ನಾಗಿ ಮಲಯಾಳ ಮನೆಮಾತಿನ ಮಗು ತೋರಿಸಬಲ್ಲದು. ಹಳಗನ್ನಡ ಪಾಠವನ್ನು ಹೊರೆಯೆಂದು ಭಾವಿಸುವ ತರಗತಿಯಲ್ಲಿ ಈ ಒಂದು ಸಂಗತಿಯೇ ಉತ್ಸಾಹ ತರಬಲ್ಲದು.

ಸಂಪತ್ತಿನ ಜತೆಗೆ ತೊಡಕೂ ಇದೆ. ಒಂದೇ ಸಂಸ್ಕೃತ ಪದವು ನೆರೆಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಪಡೆದಿರುವುದುಂಟು. ಅವಸರ ಎಂದರೆ ಕನ್ನಡದಲ್ಲಿ ಆತುರ; ಮಲಯಾಳದಲ್ಲಿಯೂ ಹಿಂದಿಯಲ್ಲಿಯೂ ಸದವಕಾಶ; ತೆಲುಗಿನಲ್ಲಿ ಅಗತ್ಯ. ಅವಕಾಶ ಎಂದರೆ ಕನ್ನಡದಲ್ಲಿ ಅನುಕೂಲವಾದ ಸಂದರ್ಭ, ಮಲಯಾಳದಲ್ಲಿ ಹಕ್ಕು. ಸಂಸಾರ ಎಂದರೆ ಕನ್ನಡದಲ್ಲಿ ಕುಟುಂಬ, ಮಲಯಾಳದಲ್ಲಿ ಮಾತುಕತೆ. ಶಿಕ್ಷೆಯು ಕನ್ನಡ, ಮಲಯಾಳಗಳಲ್ಲಿ ದಂಡನೆಯಾದರೆ ಹಿಂದಿಯಲ್ಲಿ ಶಿಕ್ಷಣ. ಬೆಳಿಗ್ಗೆ ಮಲಯಾಳದ ಪ್ರಕಟಣೆಯನ್ನು ಓದಿ, ಹಗಲು ಕನ್ನಡದ ಪಾಠವನ್ನು ಓದಿ, ಹಿಂದಿಯ ಪರೀಕ್ಷೆ ಬರೆಯುವ ಮಗು ಇವನ್ನು ಬೆರೆಸಿದರೆ ಅದು ಅಜ್ಞಾನವಲ್ಲ. ಒಂದು ಭಾಷೆಯ ಬಾಗಿಲಿನಿಂದ ಇನ್ನೊಂದರ ಮನೆಯನ್ನು ಹೊಕ್ಕ ಗೊಂದಲ. ಯಾವ ಬಾಗಿಲು ಎಂಬುದನ್ನು ತೋರಿಸಿಕೊಟ್ಟರೆ ಗೊಂದಲ ತಾನಾಗಿ ಪರಿಹಾರವಾಗುತ್ತದೆ.

ಪ್ರಶ್ನೆ ರಚಿಸುವ ಕ್ರಮ

ಒಳ್ಳೆಯ ಪದಪ್ರಶ್ನೆಗೆ ಮೂರು ಲಕ್ಷಣಗಳಿವೆ. ಪದವು ಒಂಟಿಯಾಗಿ ಬಾರದೆ ವಾಕ್ಯದಲ್ಲಿ ಬರಬೇಕು. ಕೊಟ್ಟ ಆಯ್ಕೆಗಳೆಲ್ಲ ಒಂದೇ ವ್ಯಾಕರಣವರ್ಗಕ್ಕೆ ಸೇರಿರಬೇಕು. ತಪ್ಪು ಆಯ್ಕೆಗಳು ಮಕ್ಕಳು ನಿಜವಾಗಿ ಮಾಡುವ ತಪ್ಪುಗಳಿಂದ ಹುಟ್ಟಿರಬೇಕು. ಆಗ ತಪ್ಪು ಉತ್ತರವೂ ಅಧ್ಯಾಪಕರಿಗೆ ಒಂದು ಸೂಚನೆಯಾಗುತ್ತದೆ. ಕೆಲವು ಮಾದರಿಗಳು:

1. ಬಸ್ಸು ಹೊರಡುವ ಹೊತ್ತಾದುದರಿಂದ ಅವನು ಅವಸರದಿಂದ ಹತ್ತಿದನು.
(ಅ) ಸದವಕಾಶ (ಆ) ಆತುರ (ಇ) ಅಗತ್ಯ (ಈ) ಭಯ

ಉತ್ತರ: ಆ. ‘ಅ’ ಆರಿಸಿದ ಮಗು ಮಲಯಾಳದಲ್ಲೋ ಹಿಂದಿಯಲ್ಲೋ ಯೋಚಿಸಿದೆ. ‘ಈ’ ಆರಿಸಿದ ಮಗು ವಾಕ್ಯದಿಂದ ಊಹಿಸಿದೆ. ಇಬ್ಬರಿಗೂ ಬೇಕಾದ ನೆರವು ಬೇರೆ ಬೇರೆ.

2. ಇಂದು ರಾತ್ರಿ ಆಡುವ ಪ್ರಸಂಗ ಯಾವುದೆಂದು ಭಾಗವತರನ್ನು ಕೇಳಿದರು.
(ಅ) ಭಾಷಣ (ಆ) ಘಟನೆ (ಇ) ಯಕ್ಷಗಾನದ ಕಥಾಕೃತಿ (ಈ) ಒಡನಾಟ

ಉತ್ತರ: ಇ. ‘ಭಾಷಣ’ ಮಲಯಾಳದ ಅರ್ಥ. ‘ಘಟನೆ’ ಕನ್ನಡದಲ್ಲಿ ಸರಿಯಾದ ಅರ್ಥವೇ, ಆದರೆ ಈ ವಾಕ್ಯಕ್ಕೆ ಹೊಂದದು. ಕುಂಬಳೆಯ ಪಾರ್ತಿಸುಬ್ಬನ ನಾಡಿನ ಮಕ್ಕಳಿಗೆ ಈ ಪ್ರಶ್ನೆ ಸುಲಭ, ಹೊರನಾಡಿನವರಿಗೆ ಕಠಿಣ. ಮಕ್ಕಳಿಗೆ ಅದನ್ನು ಹೇಳಬೇಕು.

3. ಮದುವೆಯ ಮನೆಯಲ್ಲಿ ಹಾಳೆಯ ತಟ್ಟೆಯಲ್ಲಿ ತಿಂಡಿ ಕೊಟ್ಟರು.
(ಅ) ಬರೆಯುವ ಕಾಗದ (ಆ) ಬಾಳೆ ಎಲೆ (ಇ) ಅಡಕೆ ಸೋಗೆಯ ಬುಡದ ಅಗಲವಾದ ಪೊರೆ (ಈ) ಹಳೆಯ ಪಾತ್ರೆ

ಉತ್ತರ: ಇ. ಹಾಳೆ ಎಂಬುದಕ್ಕೆ ಕಾಗದದ ಪುಟ ಎಂಬ ಅರ್ಥವೂ ಇದೆ. ಒಂದು ಪದಕ್ಕೆ ಎರಡು ಅರ್ಥವಿರುವಾಗ ವಾಕ್ಯವೇ ನಿರ್ಣಾಯಕ ಎಂಬುದನ್ನು ಇದರಿಂದ ಮನಗಾಣಿಸಬಹುದು.

ಯಾರೂ ಬಳಸದ ಅಪರೂಪದ ಪದಗಳನ್ನು ನಿಘಂಟಿನ ಮೂಲೆಗಳಿಂದ ಹೆಕ್ಕಿ ತರುವುದು ಪ್ರಶ್ನೆಯನ್ನು ಕಠಿಣಗೊಳಿಸುವ ಸುಲಭ ಉಪಾಯ. ಅದರಿಂದ ಮಗುವಿಗೆ ಪ್ರಯೋಜನ ಅಲ್ಪ. ಹತ್ತು ಪದಗಳಲ್ಲಿ ಆರು ಪಾಠಪುಸ್ತಕದಿಂದ, ಎರಡು ಪತ್ರಿಕೆಯಿಂದ, ಎರಡು ಊರಿನ ಬದುಕಿನಿಂದ ಇದ್ದರೆ ಸಮತೂಕ ದೊರೆಯುತ್ತದೆ.

ನಿಘಂಟು ನೋಡುವ ಅಭ್ಯಾಸ

ಸ್ಪರ್ಧೆಗೆ ಮೊದಲು ಒಂದು ಪಿರಿಯಡು ನಿಘಂಟಿನ ಅಭ್ಯಾಸಕ್ಕೆ ಮೀಸಲಿರಬೇಕು. ಅಕಾರಾದಿ ಕ್ರಮ ಬಲ್ಲ ಮಕ್ಕಳೂ ನಿಘಂಟಿನಲ್ಲಿ ಪದ ಸಿಗದೆ ಪುಸ್ತಕವನ್ನು ಮುಚ್ಚಿಡುವುದುಂಟು. ಅದಕ್ಕೆ ಕಾರಣಗಳು ಮುಖ್ಯವಾಗಿ ಮೂರು.

ಮೊದಲನೆಯದು ಕ್ರಿಯಾಪದದ ರೂಪಭೇದ. ‘ಬಂದನು’ ಎಂಬುದನ್ನು ‘ಬರು’ ಎಂಬಲ್ಲಿ, ‘ಹೋದಳು’ ಎಂಬುದನ್ನು ‘ಹೋಗು’ ಎಂಬಲ್ಲಿ, ‘ಕಂಡರು’ ಎಂಬುದನ್ನು ‘ಕಾಣು’ ಎಂಬಲ್ಲಿ, ‘ನಿಂತಿತು’ ಎಂಬುದನ್ನು ‘ನಿಲ್ಲು’ ಎಂಬಲ್ಲಿ ನೋಡಬೇಕು. ‘ಇತ್ತು’ ಎಂಬುದು ‘ಇರು’ ಧಾತುವಿನದು; ‘ಇತ್ತನು’ ಎಂಬುದು ಕೊಡು ಎಂಬರ್ಥದ ‘ಈ’ ಧಾತುವಿನದು. ಇಂತಹ ಹತ್ತು ರೂಪಗಳನ್ನು ಕೊಟ್ಟು ಧಾತುವನ್ನು ಬರೆಯಿಸಿದರೆ ಅರ್ಧ ದಾರಿ ಸಾಗಿದಂತೆ.

ಎರಡನೆಯದು ಸಮಾಸದಲ್ಲಿ ಆಗುವ ವ್ಯಂಜನದ ಬದಲಾವಣೆ. ‘ಮಳೆಗಾಲ’ದ ಎರಡನೆಯ ಭಾಗವನ್ನು ‘ಗಾಲ’ ಎಂದು ಹುಡುಕಿದರೆ ಸಿಗದು, ‘ಕಾಲ’ ಎಂದು ಹುಡುಕಬೇಕು. ‘ಬೆಟ್ಟದಾವರೆ’ಯಲ್ಲಿ ಇರುವುದು ‘ತಾವರೆ’. ‘ಕಂಬನಿ’ಯಲ್ಲಿ ಇರುವುದು ‘ಕಣ್’ ಮತ್ತು ‘ಪನಿ’. ಆದೇಶಸಂಧಿಯ ಪಾಠವು ವ್ಯಾಕರಣಪರೀಕ್ಷೆಗಷ್ಟೇ ಅಲ್ಲ, ನಿಘಂಟು ತೆರೆಯುವ ಕೀಲಿಕೈ ಎಂಬುದು ಇಲ್ಲಿ ಮಕ್ಕಳಿಗೆ ತಿಳಿಯುತ್ತದೆ.

ಮೂರನೆಯದು ಅನುಸ್ವಾರ ಮತ್ತು ಸಂಯುಕ್ತಾಕ್ಷರಗಳ ಸ್ಥಾನ. ಕ್ಷ ಎಂಬುದು ಕಕಾರದಲ್ಲಿ, ಜ್ಞ ಎಂಬುದು ಜಕಾರದಲ್ಲಿ ಸಿಗುತ್ತದೆ. ಅನುಸ್ವಾರವಿರುವ ಪದಗಳ ಸ್ಥಾನವನ್ನು, ಶಾಲೆಯಲ್ಲಿರುವ ನಿಘಂಟನ್ನೇ ತೆರೆದು ‘ಅಂಗಳ’, ‘ಅಕ್ಕಿ’, ‘ಅರಸ’ ಎಂಬ ಮೂರು ಪದಗಳ ಕ್ರಮವನ್ನು ನೋಡಿ ಮಕ್ಕಳೇ ಕಂಡುಕೊಳ್ಳಲಿ. ಹೇಳಿಕೊಟ್ಟ ನಿಯಮಕ್ಕಿಂತ ಕಂಡುಕೊಂಡ ನಿಯಮ ನೆನಪಿನಲ್ಲಿ ನಿಲ್ಲುತ್ತದೆ.

ಸ್ಪರ್ಧೆಯ ನಾಲ್ಕು ಸುತ್ತುಗಳು

ಮೂವರು ಮಕ್ಕಳ ತಂಡಗಳನ್ನು ಮಾಡಬೇಕು. ಒಂದೊಂದು ತಂಡದಲ್ಲಿಯೂ ಬೇರೆ ಬೇರೆ ಮನೆಮಾತಿನವರು ಇರುವಂತೆ ನೋಡಿಕೊಳ್ಳಬೇಕು. ಗಂಟೆ ಒತ್ತಿ ಮೊದಲು ಹೇಳಿದವನಿಗೆ ಅಂಕ ಎಂಬ ಪದ್ಧತಿ ಬೇಡ. ತಂಡಗಳು ಕೂಡಿ ಚರ್ಚಿಸಿ ಉತ್ತರವನ್ನು ಚೀಟಿಯಲ್ಲಿ ಬರೆಯಲಿ. ಯಾವ ತಂಡವನ್ನೂ ಹೊರಹಾಕಬಾರದು.

ಒಂದನೆಯ ಸುತ್ತು – ವಾಕ್ಯದಲ್ಲಿ ಅರ್ಥ. ಮೇಲೆ ತೋರಿಸಿದ ಮಾದರಿಯ ಹತ್ತು ಪ್ರಶ್ನೆಗಳು. ಉತ್ತರ ಬರೆಯುವ ಮೊದಲು ಪ್ರತಿ ತಂಡವೂ ಅಧ್ಯಾಪಕರನ್ನು ಒಂದು ಪ್ರಶ್ನೆ ಕೇಳಬಹುದು: ಪದವು ಯಾವ ಭಾಷೆಯಿಂದ ಬಂದಿದೆ, ಯಾವ ವರ್ಗದ್ದು, ಇನ್ನೊಂದು ವಾಕ್ಯದಲ್ಲಿ ಹೇಗೆ ಬರುತ್ತದೆ ಎಂಬಂತೆ. ಸರಿಯಾದ ಆಯ್ಕೆಗೆ ಒಂದು ಅಂಕ. ಆ ಪದವನ್ನು ಬಳಸಿ ಸ್ವಂತ ವಾಕ್ಯ ಬರೆದರೆ ಇನ್ನೊಂದು. ಆಯ್ಕೆ ತಪ್ಪಿದರೂ, ಉತ್ತರ ತಿಳಿದ ಮೇಲೆ ಸರಿಯಾದ ವಾಕ್ಯ ಬರೆದ ತಂಡಕ್ಕೆ ಎರಡನೆಯ ಅಂಕ ಸಲ್ಲಬೇಕು.

ಎರಡನೆಯ ಸುತ್ತು – ನಿಘಂಟು ಶೋಧ. ರೂಪ ಬದಲಿಸಿದ ಐದು ಪದಗಳನ್ನು ಕೊಟ್ಟು ನಿಘಂಟಿನ ಪುಟಸಂಖ್ಯೆಯನ್ನೂ ಅರ್ಥವನ್ನೂ ಬರೆಯಿಸಬೇಕು. ಪ್ರತಿಗಳು ಕಡಿಮೆಯಿದ್ದರೆ ತಂಡಗಳು ಸರದಿಯಂತೆ ಬರಲಿ. ವೇಗಕ್ಕೆ ಅಂಕವಿಲ್ಲ.

ಮೂರನೆಯ ಸುತ್ತು – ನೆರೆಯ ಪದ. ಅಧ್ಯಾಪಕರು ಕನ್ನಡದ ಪದವನ್ನು ಹೇಳಿದರೆ ತಂಡವು ತುಳುವಿನ ಅಥವಾ ಮಲಯಾಳದ ಸಂಬಂಧಿ ಪದವನ್ನು ಬರೆಯಬೇಕು: ಬಾಯಿ–ವಾಯ್, ಬಿಲ್ಲು–ವಿಲ್ಲ್, ಬೇರು–ವೇರ್, ಕಿವಿ–ಚೆವಿ, ಕೆರೆ–ಚಿರ, ಹೂವು–ಪೂವ್. ಐದಾರು ಜೋಡಿಗಳು ಕಪ್ಪುಹಲಗೆಯ ಮೇಲೆ ಬಂದ ಬಳಿಕ, ಕನ್ನಡದ ಬಕಾರಕ್ಕೆ ಮಲಯಾಳದಲ್ಲಿ ವಕಾರವೂ ಹೊಸಗನ್ನಡದ ಹಕಾರಕ್ಕೆ ಪಕಾರವೂ ಬರುವುದನ್ನು ಮಕ್ಕಳೇ ಹೇಳುವರು. ಜತೆಗೆ, ಅವಸರ, ಅವಕಾಶ, ಸಂಸಾರಗಳಂತೆ ರೂಪ ಒಂದಾಗಿ ಅರ್ಥ ಬೇರೆಯಾದ ಒಂದು ಪದವನ್ನು ತಂಡವು ತಾನಾಗಿ ಹುಡುಕಿ ತಂದರೆ ಎರಡು ಅಂಕ ಕೊಡಬೇಕು.

ನಾಲ್ಕನೆಯ ಸುತ್ತು – ಮನೆಯ ಪದ. ಒಂದು ವಾರ ಮುಂಚಿತವಾಗಿಯೇ ತಿಳಿಸಿ, ಪ್ರತಿ ಮಗುವೂ ಹಿರಿಯರನ್ನು ಕೇಳಿ ಒಂದು ಪದವನ್ನು ಚೀಟಿಯಲ್ಲಿ ಬರೆದು ತರುವಂತೆ ಮಾಡಬೇಕು. ಚೀಟಿಯಲ್ಲಿ ಇರಬೇಕಾದುವು: ಪದ, ವ್ಯಾಕರಣವರ್ಗ, ಅರ್ಥ, ಹಿರಿಯರು ಆಡಿದ ಒಂದು ವಾಕ್ಯ, ಯಾವ ಊರಿನಲ್ಲಿ ಯಾವ ಮಾತಿನವರು ಬಳಸುತ್ತಾರೆ ಎಂಬ ವಿವರ. ಒಂದು ತಂಡ ತಂದ ಪದದ ಅರ್ಥವನ್ನು ಇತರ ತಂಡಗಳು ವಾಕ್ಯದಿಂದ ಊಹಿಸಬೇಕು. ಒಂದು ಮಾದರಿ:

ಕಟ್ಟ – ನಾಮಪದ – ಮಳೆಗಾಲ ಕಳೆದ ಮೇಲೆ ತೋಡಿನ ನೀರನ್ನು ನಿಲ್ಲಿಸಲು ಕಲ್ಲು, ಮಣ್ಣು, ಸೊಪ್ಪುಗಳಿಂದ ಅಡ್ಡಲಾಗಿ ಹಾಕುವ ತಾತ್ಕಾಲಿಕ ಒಡ್ಡು – ‘ಈ ವರ್ಷ ಕಟ್ಟ ಹಾಕಲು ಜನ ಸಿಗಲಿಲ್ಲ’ – ಕಾಸರಗೋಡಿನ ಕೃಷಿಕರ ಮಾತು.

ಚೀಟಿಯ ಈ ಪದ್ಧತಿಗೆ ದೊಡ್ಡ ಪೂರ್ವಿಕರಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೇ 1879ರಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿ, ಓದಿದ ಪುಸ್ತಕಗಳಿಂದ ಪದಗಳನ್ನೂ ವಾಕ್ಯಗಳನ್ನೂ ಚೀಟಿಗಳಲ್ಲಿ ಬರೆದು ಕಳುಹಿಸುವಂತೆ ಕೇಳಿಕೊಂಡರು. ಸಾಮಾನ್ಯ ಓದುಗರು ಕಳುಹಿಸಿದ ಲಕ್ಷಾಂತರ ಚೀಟಿಗಳ ಮೇಲೆ ಆ ನಿಘಂಟು ನಿಂತಿತು. ಅದು ಪೂರ್ಣಗೊಂಡುದು 1928ರಲ್ಲಿ. ಮಂಜೇಶ್ವರ ಗೋವಿಂದ ಪೈಗಳ ಹೆಸರಿನ ಉಡುಪಿಯ ಸಂಶೋಧನ ಕೇಂದ್ರವು ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟಿನಲ್ಲಿಯೂ ಆಡುಮಾತಿನ ಪದಗಳಿಗೆ ಗೌರವದ ಸ್ಥಾನ ದೊರೆತಿದೆ. ಮಕ್ಕಳ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ದಪ್ಪ ನೋಟುಪುಸ್ತಕದಲ್ಲಿ ಅಂಟಿಸಿದರೆ ಅದು ಶಾಲೆಯ ಪದಕೋಶವಾಗುತ್ತದೆ. ಮುಂದಿನ ವರ್ಷದ ಸ್ಪರ್ಧೆಗೆ ಪ್ರಶ್ನೆಗಳು ಅದರಿಂದಲೇ ಬರಲಿ.

ತೀರ್ಪು ಕೊಡುವಾಗ

ವಿವಾದ ಬಂದಾಗ ಅಧ್ಯಾಪಕರು ತಾವೇ ತೀರ್ಪು ಹೇಳದೆ ನಿಘಂಟನ್ನು ತೆರೆಯಿಸಬೇಕು. ಪದವು ನಿಘಂಟಿನಲ್ಲಿ ಸಿಗದಿದ್ದರೆ ‘ತಪ್ಪು’ ಎನ್ನಬಾರದು, ‘ಈ ನಿಘಂಟಿನಲ್ಲಿ ಇಲ್ಲ’ ಎನ್ನಬೇಕು. ಇವೆರಡು ಮಾತುಗಳ ನಡುವಣ ಅಂತರವು ಮಗುವಿಗೆ ತಿಳಿದಷ್ಟು ಚೆನ್ನಾಗಿ ಬೇರೆ ಯಾರಿಗೂ ತಿಳಿಯದು.

ಅದೇ ಸಮಯದಲ್ಲಿ, ಎಲ್ಲವೂ ಸರಿ ಎಂದು ಬಿಟ್ಟುಬಿಡುವುದೂ ಹಿತವಲ್ಲ. ಈ ಮಕ್ಕಳು ಸಾರ್ವಜನಿಕ ಪರೀಕ್ಷೆಯನ್ನು ಶಿಷ್ಟಕನ್ನಡದಲ್ಲಿಯೇ ಬರೆಯಬೇಕು, ಅರ್ಜಿಯನ್ನು ಅದರಲ್ಲಿಯೇ ಸಲ್ಲಿಸಬೇಕು, ಪುಸ್ತಕವನ್ನು 300 ಕಿಲೋಮೀಟರ್ ಆಚೆಯ ಓದುಗನಿಗೂ ತಿಳಿಯುವಂತೆ ಬರೆಯಬೇಕಾದವರೂ ಇವರಲ್ಲಿ ಇರಬಹುದು. ಆದುದರಿಂದ ಪ್ರತಿ ಪದಕ್ಕೂ ಅದರ ಸ್ಥಾನವನ್ನು ಹೇಳಬೇಕು: ಇದು ತುಳು, ಇದು ಮಲಯಾಳ, ಇದು ಊರಿನ ಕನ್ನಡ, ಇದು ಬರಹದ ಕನ್ನಡ. ‘ಬೊಂಡ’ ಎಂದರೆ ಮನೆಯಲ್ಲಿ ಎಳನೀರು. ಬೆಂಗಳೂರಿನ ಹೋಟೆಲಿನಲ್ಲಿ ‘ಬೋಂಡ’ ಎಂದರೆ ಕರಿದ ತಿಂಡಿ. ಎಲ್ಲಿ ಯಾವುದನ್ನು ಆಡಬೇಕೆಂದು ಬಲ್ಲವನೇ ಪದಸಂಪನ್ನನು.

ಮೌಲ್ಯಮಾಪನ

ತಂಡಗಳ ಒಟ್ಟು ಅಂಕಕ್ಕಿಂತ ಮುಖ್ಯವಾದ ಮೂರು ಅಂಶಗಳನ್ನು ಅಧ್ಯಾಪಕರು ದಾಖಲಿಸಬೇಕು.

1. ಸ್ಪರ್ಧೆಯ ಮುಂಚೆ ಮತ್ತು ಒಂದು ತಿಂಗಳ ಬಳಿಕ, ಕೇಳದೆಯೇ ನಿಘಂಟನ್ನು ತೆರೆದ ಮಕ್ಕಳು ಎಷ್ಟು?
2. ಒಂದನೆಯ ಸುತ್ತಿನ ತಪ್ಪುಗಳಲ್ಲಿ ನೆರೆಭಾಷೆಯ ಪ್ರಭಾವದಿಂದ ಆದುವು ಎಷ್ಟು, ವಾಕ್ಯವನ್ನು ಗಮನಿಸದೆ ಆದುವು ಎಷ್ಟು?
3. ಎಂದೂ ಕೈ ಎತ್ತದ ಮಕ್ಕಳಲ್ಲಿ ನಾಲ್ಕನೆಯ ಸುತ್ತಿನಲ್ಲಿ ಮಾತನಾಡಿದವರು ಯಾರು?

ಮೂರನೆಯ ಪ್ರಶ್ನೆಗೆ ಒಂದು ಹೆಸರಾದರೂ ಬರೆಯಲು ಸಾಧ್ಯವಾದರೆ ಸ್ಪರ್ಧೆ ಸಾರ್ಥಕ. ಬಹುಮಾನ ಕೊಡುವುದಾದರೆ ಗೆದ್ದ ತಂಡಕ್ಕೆ ಕೊಡುವ ಪುಸ್ತಕದ ಜತೆಗೆ, ತರಗತಿಗೆ ತೀರ ಹೊಸದಾದ ಪದವನ್ನು ತಂದ ಮಗುವಿಗೂ ಒಂದು ಚಿಕ್ಕ ನಿಘಂಟನ್ನು ಕೊಡುವುದು ಉಚಿತ.

ಅಧ್ಯಾಪಕರ ಅಭ್ಯಾಸಕ್ಕೆ

1. ನಿಮ್ಮ ತರಗತಿಯ ಮಕ್ಕಳ ಮನೆಮಾತುಗಳ ಪಟ್ಟಿ ಮಾಡಿರಿ. ಆ ಮಾತುಗಳಲ್ಲಿ ಕನ್ನಡದ ರೂಪವೇ ಇದ್ದು ಅರ್ಥ ಬೇರೆಯಾದ ಐದು ಪದಗಳನ್ನು ಸಂಗ್ರಹಿಸಿರಿ.
2. ಅವುಗಳಲ್ಲಿ ಎರಡನ್ನು ಬಳಸಿ, ಇಲ್ಲಿ ತೋರಿಸಿದ ಕ್ರಮದಲ್ಲಿ ನಾಲ್ಕು ಆಯ್ಕೆಗಳ ಪ್ರಶ್ನೆ ರಚಿಸಿರಿ. ಒಂದೊಂದು ತಪ್ಪು ಆಯ್ಕೆಯೂ ಯಾವ ಕಾರಣದಿಂದ ಹುಟ್ಟಿದುದೆಂದು ಬರೆಯಿರಿ.
3. ಪಾಠಪುಸ್ತಕದ ಒಂದು ಪುಟದಿಂದ, ನಿಘಂಟಿನಲ್ಲಿ ನೇರವಾಗಿ ಸಿಗದ ಹತ್ತು ರೂಪಗಳನ್ನು ಆರಿಸಿ, ಅವನ್ನು ಎಲ್ಲಿ ಹುಡುಕಬೇಕೆಂದು ತೋರಿಸಿರಿ.
4. ಹಳಗನ್ನಡ ಪದ್ಯಭಾಗವೊಂದರಲ್ಲಿ, ತುಳು ಅಥವಾ ಮಲಯಾಳ ಬಲ್ಲ ಮಗುವಿಗೆ ಅರ್ಥಕೋಶದ ಸಹಾಯವಿಲ್ಲದೆ ತಿಳಿಯಬಹುದಾದ ಪದಗಳನ್ನು ಗುರುತಿಸಿರಿ. ಆ ಮಗುವಿನಿಂದಲೇ ಪಾಠ ಆರಂಭಿಸುವ ಒಂದು ಯೋಜನೆಯನ್ನು ಬರೆದು, ಸಮೂಹ ಸಭೆಯಲ್ಲಿ ಮಂಡಿಸಿರಿ.